ಹೊಸ ಹೂಗಿಡವನ್ನು ವಿವರಿಸುವುದು ಹೇಗೆ: ಮಾದರಿ ಕೊಯ್ಯುವುದರಿಂದ ಹೆಸರು ಅಚ್ಚಾಗುವವರೆಗೆ

ಉಷ್ಣವಲಯದ ಕಾಡಿನಲ್ಲಿ ಒಂದು ಹೂಗಿಡ ಸಿಗುತ್ತದೆ. ಯಾವ ಪುಸ್ತಕದಲ್ಲೂ ಇಲ್ಲ, ಯಾವ ಆ್ಯಪ್ ಕೂಡ ಗುರುತಿಸುವುದಿಲ್ಲ. ಆ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು 'ಹೊಸ ಪ್ರಭೇದ' ಅಂತ ತಲೆಬರಹ ಟೈಪ್ ಮಾಡಿಬಿಡುತ್ತೀರಿ. ಆರು ತಿಂಗಳಾದ ಮೇಲೆ ಹಸ್ತಪ್ರತಿ ವಾಪಸ್ ಬರುತ್ತದೆ. ಈ ಕಥೆ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ನನ್ನದೂ ಒಂದು ಹಾಗೇ ವಾಪಸ್ ಬಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ವಾಪಸ್ ಬರುವ ಕಾರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಬರವಣಿಗೆಯ ತಪ್ಪು ಕಡಿಮೆ, ಕ್ರಮದ ತಪ್ಪು ಜಾಸ್ತಿ. ಕಾಯಿ ನೋಡುವ ಮೊದಲೇ ವಿವರಣೆ ಬರೆದಿರುತ್ತಾರೆ. ಹತ್ತಿರದ ಪ್ರಭೇದದ ಮೂಲ ಮಾದರಿ (ಅದಕ್ಕೆ ಹೆಸರಿಡುವಾಗ ಆಧಾರವಾಗಿಟ್ಟ ಒಣಗಿಡ) ನೋಡುವ ಮೊದಲೇ ಹೆಸರು ಆರಿಸಿರುತ್ತಾರೆ. ಗಿಡವನ್ನು ಒಣಗಿಸಿ ಅಂಟಿಸಿದ ಹಾಳೆ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಸೇರುವ ಮೊದಲೇ ಲೇಖನ ಪತ್ರಿಕೆಗೆ ಹೋಗಿರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬರೆಯುವ ಕೆಲಸ ಇಲ್ಲಿ ಒಂಬತ್ತನೆಯದು.

## ಕೈಯಲ್ಲಿ ಏನೇನಿರಬೇಕು

ಕಾಡಿಗೆ: ಗಿಡ ಒತ್ತುವ ಪ್ರೆಸ್, ಅದಕ್ಕೆ ಬಿಗಿಯುವ ಪಟ್ಟಿ, ಹಳೆ ನ್ಯೂಸ್‌ಪೇಪರ್, ಏಣುಗಳಿರುವ ರಟ್ಟು, ಕೊಂಬೆ ಕತ್ತರಿ, 10 ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ಜಿಪಿಎಸ್, ಫೋಟೊದಲ್ಲಿ ಇಡಲು ಚಿಕ್ಕ ಸ್ಕೇಲ್, ತೇವ ಹೀರುವ ಸಿಲಿಕಾ ಜೆಲ್, ಜಿಪ್ ಚೀಲಗಳು, ಶೇ. 70ರ ಆಲ್ಕೋಹಾಲ್ ತುಂಬಿದ ಸೋರದ ಬಾಟಲಿಗಳು. ಜೊತೆಗೆ ನೋಟ್‌ಬುಕ್ ಮತ್ತು ಪೆನ್ಸಿಲ್. ಪೆನ್ ಬೇಡ. ಬಾಟಲಿಯೊಳಗೆ ಹಾಕಿದ ಚೀಟಿಯ ಶಾಯಿಯನ್ನು ಆಲ್ಕೋಹಾಲ್ ಒಂದೇ ರಾತ್ರಿಯಲ್ಲಿ ಅಳಿಸಿಹಾಕುತ್ತದೆ. ಪೆನ್ಸಿಲ್ ಗೆರೆ ಉಳಿಯುತ್ತದೆ.

ಮೇಜಿಗೆ: ಡಿಸೆಕ್ಷನ್ ಮೈಕ್ರೋಸ್ಕೋಪ್, ಚೂಪು ತುದಿಯ ಚಿಮಟ, ಸೂಜಿ, ಬ್ಲೇಡ್, ಡಿಜಿಟಲ್ ಕ್ಯಾಲಿಪರ್.

## ಹಂತ 1: ಮೊದಲು ಅನುಮತಿ ಪತ್ರ

ಗಿಡ ಕೊಯ್ಯಲು ಅನುಮತಿ, ಸಂರಕ್ಷಿತ ಕಾಡಾದರೆ ಅದಕ್ಕೆ ಬೇರೆ ಅನುಮತಿ, ಮಾದರಿಯನ್ನು ದೇಶದಾಚೆ ಕಳಿಸುವುದಾದರೆ ಇನ್ನೊಂದು. 2014ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ, ಜೈವಿಕ ಸಂಪನ್ಮೂಲದ ಬಳಕೆ ಮತ್ತು ಲಾಭ ಹಂಚಿಕೆಯ ನಗೋಯಾ ಒಪ್ಪಂದದ ಪ್ರಕಾರ, ಡಿಎನ್‌ಎ ತೆಗೆಯುವುದಕ್ಕೂ ಗಿಡ ಸಿಕ್ಕ ದೇಶದ ಒಪ್ಪಿಗೆ ಬೇಕಾಗಬಹುದು. ಆರ್ಕಿಡ್ ಆಗಿದ್ದರೆ ಎರಡು ಪಟ್ಟು ಎಚ್ಚರ ಬೇಕು. ಇಡೀ ಆರ್ಕಿಡ್ ಕುಟುಂಬವೇ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಹೆಸರಿಲ್ಲದ ಹೊಸ ಆರ್ಕಿಡ್ ಕೂಡ ಅದರೊಳಗೇ ಬರುತ್ತದೆ.

ಪೆರು ದೇಶದ ಫ್ರಾಗ್ಮಿಪೀಡಿಯಂ ಕೊವಾಚಿ ಎಂಬ ಆರ್ಕಿಡ್ 2002ರಲ್ಲಿ ಪ್ರಕಟವಾಯಿತು. ಗಿಡ ಸರಿಯಾದ ಪತ್ರಗಳಿಲ್ಲದೆ ಅಮೆರಿಕಕ್ಕೆ ಹೋಗಿತ್ತು, ವಿಷಯ ಅಲ್ಲಿನ ಕೋರ್ಟ್ ಮೆಟ್ಟಿಲೇರಿತು. ಹೆಸರೇನೋ ಉಳಿಯಿತು, ಅದರ ಜೊತೆಗೆ ಈ ಕಥೆಯೂ ಉಳಿಯಿತು.

ಅನುಮತಿ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಲೇಖನದ ಕೊನೆಯಲ್ಲಿ ಅದನ್ನು ಕೇಳುತ್ತಾರೆ, ಆಗ ಹುಡುಕಾಡುವುದು ಬೇಡ.

## ಹಂತ 2: ಮಾದರಿ ಕೊಯ್ಯುವುದು

ಹೂವೊಂದೇ ಸಾಲದು. ಎಲೆ, ಕಾಂಡ, ಮೊಗ್ಗು, ಹೂ, ಕಾಯಿ, ಚಿಕ್ಕ ಗಿಡವಾದರೆ ಬೇರೂ ಬೇಕು. ಕಾಯಿ ಇನ್ನೂ ಬಂದಿಲ್ಲವಾ? ಹಾಗಾದರೆ ಇನ್ನೊಮ್ಮೆ ಬರಲೇಬೇಕು. ಎಷ್ಟೋ ಕುಲಗಳಲ್ಲಿ ಎರಡು ಪ್ರಭೇದಗಳನ್ನು ಬೇರೆ ಮಾಡುವುದು ಕಾಯಿ ಮತ್ತು ಬೀಜಗಳೇ. ಗಂಡು ಹೂ ಒಂದು ಗಿಡದಲ್ಲಿ, ಹೆಣ್ಣು ಹೂ ಇನ್ನೊಂದರಲ್ಲಿ ಬಿಡುವ ಜಾತಿಯಾದರೆ ಎರಡನ್ನೂ ಬೇರೆ ಬೇರೆ ಸಂಖ್ಯೆ ಕೊಟ್ಟು ಕೊಯ್ಯಿರಿ.

ಒಂದೇ ಗಿಡದ, ಒಂದೇ ಹೊತ್ತಿನ ನಾಲ್ಕೈದು ಕೊಂಬೆ ಸಿಕ್ಕರೆ ನಾಲ್ಕೈದು ಹಾಳೆಗಳಾಗುತ್ತವೆ. ಒಂದು ಹರ್ಬೇರಿಯಂಗೆ ಬೆಂಕಿ ಬಿದ್ದರೂ ಇನ್ನೊಂದರಲ್ಲಿ ಗಿಡ ಇರುತ್ತದೆ. ಇದು ಸುಮ್ನೆ ಹೇಳುವ ಮಾತಲ್ಲ. 1943ರಲ್ಲಿ ಬರ್ಲಿನ್ ಹರ್ಬೇರಿಯಂ ಬಾಂಬಿಗೆ ಸಿಕ್ಕಿ ಸುಟ್ಟಾಗ ಸಾವಿರಾರು ಮೂಲ ಮಾದರಿಗಳು ಬೂದಿಯಾದವು. ಆದರೆ ಗಿಡಗಳೇ ಕಡಿಮೆ ಇದ್ದರೆ ಆಸೆ ಬಿಡಿ. ಇಪ್ಪತ್ತು ಗಿಡ ಕಾಣದ ಜಾಗದಲ್ಲಿ ನಾನು ಒಂದನ್ನೂ ಬೇರುಸಮೇತ ಕೀಳುವುದಿಲ್ಲ. ಹೂವಿರುವ ಒಂದು ಕೊಂಬೆ, ಬಾಟಲಿಯಲ್ಲಿ ಎರಡು ಹೂ, ಉಳಿದದ್ದಕ್ಕೆ ಫೋಟೊ.

ಸಂಖ್ಯೆ. ಒಂದು ಸಲ, ಒಂದು ಜಾಗದಲ್ಲಿ, ಒಂದು ಪ್ರಭೇದದಿಂದ ಕೊಯ್ದದ್ದಕ್ಕೆ ಒಂದೇ ಸಂಖ್ಯೆ (ಗಂಡು ಗಿಡ, ಹೆಣ್ಣು ಗಿಡ ಬೇರೆಯಾದಾಗ ಮಾತ್ರ ಎರಡು). ಮುಂದಿನ ತಿಂಗಳು ಅದೇ ಗಿಡದಿಂದ ಕಾಯಿ ತಂದರೆ ಹೊಸ ಸಂಖ್ಯೆ. 'ಅದೇ ಗಿಡ ತಾನೇ' ಅಂತ ಹಳೆಯ ಸಂಖ್ಯೆಯನ್ನೇ ಹಾಕಿದರೆ ಏಳನೇ ಹಂತದಲ್ಲಿ ಎಲ್ಲ ಕುಸಿಯುತ್ತದೆ. ಸಂಖ್ಯೆ ಜೀವನಪೂರ್ತಿ 1, 2, 3 ಅಂತ ಮುಂದುವರಿಯಲಿ. ಪ್ರತಿ ಪ್ರವಾಸಕ್ಕೂ ಹೊಸದಾಗಿ ಒಂದರಿಂದ ಶುರು ಮಾಡಬೇಡಿ.

ಟಿಪ್ಪಣಿ. ಒಣಗಿದ ಮೇಲೆ ಮಾಯವಾಗುವುದನ್ನೆಲ್ಲ ಗಿಡದ ಎದುರೇ ನಿಂತು ಬರೆಯಿರಿ: ಹೂವಿನ ಬಣ್ಣ, ವಾಸನೆ, ಮುರಿದರೆ ಹಾಲು ಬರುತ್ತದೋ ಇಲ್ಲವೋ, ಗಿಡದ ಎತ್ತರ, ಬಂಡೆ ಮೇಲೆ ಬೆಳೆದಿದೆಯೋ ಮರದ ಮೇಲೋ, ಹೂ ಎಷ್ಟು ಹೊತ್ತಿಗೆ ಅರಳಿತ್ತು. ಜಿಪಿಎಸ್ ಅಂಕಿ, ಸಮುದ್ರಮಟ್ಟದಿಂದ ಎತ್ತರ, ತಾರೀಖು. 'ಸಂಜೆ ಬರೆದರಾಯ್ತು' ಅಂದುಕೊಂಡರೆ ಸಂಜೆ ಹೊತ್ತಿಗೆ ನೇರಳೆ ಹೂ ಗುಲಾಬಿಯಾಗಿರುತ್ತದೆ, ನಿಮ್ಮ ನೆನಪಿನಲ್ಲೂ.

ಫೋಟೊ. ಹೂವಿನ ಮುಂಭಾಗವನ್ನು ಎಲ್ಲರೂ ತೆಗೆಯುತ್ತಾರೆ. ಬೇಕಾಗಿರುವುದು ಪಕ್ಕದಿಂದ, ಹಿಂದಿನಿಂದ, ಉದ್ದಕ್ಕೆ ಸೀಳಿದ ಹೂ, ಎಲೆಯ ಅಡಿಭಾಗ, ಎಲೆತೊಟ್ಟು ಕಾಂಡಕ್ಕೆ ಸೇರುವ ಜಾಗ. ಪ್ರತಿಯೊಂದರಲ್ಲೂ ಸ್ಕೇಲ್ ಕಾಣಬೇಕು.

## ಹಂತ 3: ಒಣಗಿಸುವುದು

ಮಾಡುವ ಕ್ರಮ ಹೀಗೆ: ಮೊದಲು ಡಿಎನ್‌ಎಗೆ ಎಲೆ, ಆಮೇಲೆ ಬಾಟಲಿಗೆ ಹೂ, ಕೊನೆಗೆ ಪ್ರೆಸ್.

ರೋಗವಿಲ್ಲದ ಎಳೆ ಎಲೆಯನ್ನು ಚೂರು ಮಾಡಿ ಸಿಲಿಕಾ ಜೆಲ್ ಚೀಲಕ್ಕೆ ಹಾಕಿ. ಸಿಲಿಕಾ ಎಲೆಯ ತೂಕದ ಕನಿಷ್ಠ ಹತ್ತು ಪಟ್ಟು ಇರಲಿ. ಒಂದು ದಿನದಲ್ಲಿ ಎಲೆ ಹಪ್ಪಳದಂತೆ ಮುರಿಯಬೇಕು. ಬಾಗಿದರೆ ಒಣಗಿಲ್ಲ ಅಂತ ಅರ್ಥ, ಕೂಡಲೇ ಸಿಲಿಕಾ ಬದಲಿಸಿ.

ಪ್ರೆಸ್ಸಿನಲ್ಲಿ ಇಡುವಾಗ ಒಂದಾದರೂ ಎಲೆ ಮಗುಚಿರಲಿ, ಅಡಿಭಾಗದ ರೋಮ ಆಮೇಲೆ ಬೇಕಾಗುತ್ತದೆ. ಗಿಡ ಹಾಳೆಗಿಂತ ಉದ್ದವಿದ್ದರೆ ಕತ್ತರಿಸಿ ಎಸೆಯಬೇಡಿ, ಮಡಚಿ. ಮರುದಿನವೇ ಪೇಪರ್ ಬದಲಿಸಿ. ಬಿಸಿಗಾಳಿಯ ಪೆಟ್ಟಿಗೆ ಇದ್ದರೆ 40ರಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ. ಜಾಸ್ತಿ ಕಾವು ಕೊಟ್ಟರೆ ಎಲೆ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ.

ಮಳೆಕಾಡಿನಲ್ಲಿ ಕರೆಂಟೂ ಇಲ್ಲ, ಬಿಸಿಲೂ ಇಲ್ಲ ಅಂದರೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಆಗ ಪೇಪರ್ ಕಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಶೇ. 60–70ರ ಆಲ್ಕೋಹಾಲ್ ಸುರಿದು, ಬಾಯಿ ಬಿಗಿಯಾಗಿ ಕಟ್ಟಿಬಿಡಿ. ವಾರಗಟ್ಟಲೆ ತಡೆಯುತ್ತದೆ. ಗಿಡದ ಬಣ್ಣ ಹೋಗುತ್ತದೆ, ಡಿಎನ್‌ಎ ಕೆಡುತ್ತದೆ. ಅದಕ್ಕೇ ಎಲೆಚೂರು ಮೊದಲು ಎಂದದ್ದು.

ಇಂಪೇಷನ್ಸ್, ಅಂದರೆ ಕರ್ಣಕುಂಡಲದ ಕುಲದ ಹೂಗಳಂಥವು ಪ್ರೆಸ್ಸಿನಲ್ಲಿ ಕರಗಿ ಕಲೆಯಷ್ಟೇ ಉಳಿಯುತ್ತದೆ. ಅಂಥ ಹೂವನ್ನು ಕಾಡಿನಲ್ಲೇ ಬಿಚ್ಚಿ, ಒಂದೊಂದು ಭಾಗವನ್ನೂ ಟಿಶ್ಯೂ ಕಾಗದದ ಮೇಲೆ ಹರಡಿ, ಬೇರೆಯಾಗಿ ಒತ್ತಿ. ಇನ್ನೆರಡು ಹೂ ಬಾಟಲಿಯಲ್ಲಿರಲಿ.

## ಹಂತ 4: ಹೂ ಬಿಚ್ಚಿ ಅಳೆಯುವುದು

ಇದು ಅವಸರದಲ್ಲಿ ಆಗುವ ಕೆಲಸವಲ್ಲ. ಅರ್ಧ ದಿನ ಎತ್ತಿಡಿ.

ಬಾಟಲಿಯ ಹೂ ಇದ್ದರೆ ಒಳ್ಳೆಯದು. ಒಣಹೂ ಮಾತ್ರ ಇದ್ದರೆ ಚಿಕ್ಕ ಬೀಕರಿನಲ್ಲಿ ನೀರು ಕುದಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು, ಹೂವನ್ನು ಮೆಲ್ಲಗೆ ಹಾಕಿ. ಮೊದಲು ತೇಲುತ್ತದೆ. ಎರಡು ಮೂರು ನಿಮಿಷದಲ್ಲಿ ಗಾಳಿಗುಳ್ಳೆ ಬಿಡುತ್ತಾ ಮುಳುಗುತ್ತದೆ. ಮುಳುಗಿತು ಅಂದರೆ ನೀರು ಒಳಗೆ ಹೋಗಿದೆ, ತೆಗೆಯಬಹುದು. ಮುಳುಗುವ ಮೊದಲೇ ಚಿಮಟ ಹಾಕಿದರೆ ದಳ ಒದ್ದೆ ಕಾಗದದಂತೆ ಹರಿಯುತ್ತದೆ.

ಗಾಜಿನ ತಟ್ಟೆಯಲ್ಲಿ ಸ್ವಲ್ಪ ನೀರಿನೊಳಗೇ ಇಟ್ಟು ಹೊರಗಿನಿಂದ ಒಳಗೆ ಬನ್ನಿ: ಮೊದಲು ಪುಷ್ಪಪತ್ರ, ಆಮೇಲೆ ದಳ, ಕೇಸರ, ಕೊನೆಗೆ ಅಂಡಾಶಯ. ಕಿತ್ತ ಕ್ರಮದಲ್ಲೇ ಜೋಡಿಸಿ. ಯಾವುದು ಯಾವುದಕ್ಕೆ ಅಂಟಿತ್ತು ಎನ್ನುವುದನ್ನು ಕೀಳುವ ಮೊದಲು ಬರೆದುಕೊಳ್ಳಿ, ಕಿತ್ತ ಮೇಲೆ ತಿಳಿಯುವುದಿಲ್ಲ. ಅಂಡಾಶಯವನ್ನು ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು ಎಷ್ಟು ಕೋಣೆ, ಅಂಡಕಗಳು ಎಲ್ಲಿ ಅಂಟಿವೆ ನೋಡಿ. ಇನ್ನೊಂದು ಹೂವಿನದನ್ನು ಉದ್ದಕ್ಕೆ ಕೊಯ್ಯಿರಿ.

ಅಳತೆ ಒಂದು ಹೂವಿನದಲ್ಲ. ಸಿಕ್ಕರೆ ಐದಾರು ಗಿಡಗಳ ಹತ್ತು ಹೂ. ಉದ್ದ, ಅತಿ ಅಗಲವಾದ ಜಾಗದಲ್ಲಿ ಅಗಲ. ಮಕರಂದದ ಕೊಳವೆ ಬಾಲದಂತೆ ಸುರುಳಿ ಸುತ್ತಿದ್ದರೆ ಬಳಸುಗೆರೆಯ ಮೇಲೆ ದಾರವಿಟ್ಟು ಅಳೆದಿರೋ, ತುದಿಯಿಂದ ತುದಿಗೆ ನೇರವಾಗಿ ಅಳೆದಿರೋ ಅಂತ ಬರೆಯಲೇಬೇಕು. ಎರಡಕ್ಕೂ ಅಜಗಜಾಂತರ.

ಇಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ. ತಮ್ಮ ಗಿಡದ ಹೂವನ್ನು ತಾಜಾ ಇದ್ದಾಗ ಅಳೆಯುತ್ತಾರೆ, ಹತ್ತಿರದ ಪ್ರಭೇದದ ಅಳತೆಯನ್ನು ಹಳೆಯ ಪುಸ್ತಕದಿಂದ ತೆಗೆದುಕೊಳ್ಳುತ್ತಾರೆ. ಆ ಪುಸ್ತಕದವರು ಒಣಹೂ ಅಳೆದಿರುತ್ತಾರೆ. ಒಣಗಿದ ಹೂ ಕುಗ್ಗಿರುತ್ತದೆ. 'ನಮ್ಮದು ದೊಡ್ಡದು' ಎನ್ನುವ ವ್ಯತ್ಯಾಸ ಬರೀ ನೀರಿನ ವ್ಯತ್ಯಾಸ ಆಗಿಬಿಡುತ್ತದೆ. ತಾಜಾ ಹೂವನ್ನು ತಾಜಾ ಹೂವಿನ ಜೊತೆ, ಒಣಹೂವನ್ನು ಒಣಹೂವಿನ ಜೊತೆ ಮಾತ್ರ ಹೋಲಿಸಿ.

ಬಿಚ್ಚಿದ ಭಾಗಗಳನ್ನು ಎಸೆಯಬೇಡಿ. ಚಿಕ್ಕ ಕಾಗದದ ಪೊಟ್ಟಣದಲ್ಲಿ ಹಾಕಿ ಹಾಳೆಗೇ ಅಂಟಿಸಿ.

## ಹಂತ 5: 'ಇದು ಹಳೆಯದೇ' ಅಂತ ತೋರಿಸಲು ಹೊರಡಿ

ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಅರ್ಧ ಸಮಯ ಇಲ್ಲೇ ಹೋಗಬೇಕು. ನಿಮ್ಮ ಗಿಡಕ್ಕೆ ಈಗಾಗಲೇ ಹೆಸರಿದೆ ಅಂತಲೇ ನಂಬಿ ಆ ಹೆಸರನ್ನು ಹುಡುಕಿ. ಪ್ರಾಮಾಣಿಕವಾಗಿ ಹುಡುಕಿ ಸೋತರೆ ಮಾತ್ರ ಗಿಡ ಹೊಸದು.

1. ಕುಲ ಖಚಿತವಾದ ಮೇಲೆ ಆ ಕುಲದ ಎಲ್ಲ ಹೆಸರುಗಳ ಪಟ್ಟಿ ಮಾಡಿ. ಕ್ಯೂ ಸಸ್ಯೋದ್ಯಾನದ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್' ತಾಣದಿಂದ ಶುರು ಮಾಡಬಹುದು. ಈಗ ಚಾಲ್ತಿಯಲ್ಲಿರುವ ಹೆಸರು ಮಾತ್ರ ಸಾಲದು, ಪರ್ಯಾಯವೆಂದು ಮೂಲೆಗೆ ಹಾಕಿದ ಹಳೆಯ ಹೆಸರುಗಳೂ ಬೇಕು. ನಿಮ್ಮ 'ಹೊಸ' ಗಿಡ ಎಷ್ಟೋ ಸಲ ಅಲ್ಲೇ ಅಡಗಿರುತ್ತದೆ. ಯಾರೋ ನೂರೈವತ್ತು ವರ್ಷದ ಹಿಂದೆ ಹೆಸರಿಟ್ಟಿದ್ದರು, ಇನ್ಯಾರೋ ಅದನ್ನು ಬೇರೆ ಪ್ರಭೇದದ ಜೊತೆ ಸೇರಿಸಿದ್ದರು. ಆಗ ಬೇಕಾಗಿರುವುದು ಹೊಸ ಹೆಸರಲ್ಲ, ಹಳೆಯ ಹೆಸರಿಗೆ ಮರುಜೀವ.

2. ನಕ್ಷೆಯ ಗಡಿ ದಾಟಿ ನೋಡಿ. ಗಿಡಕ್ಕೆ ದೇಶದ ಗಡಿ ಗೊತ್ತಿಲ್ಲ. ಪಕ್ಕದ ದೇಶದ ಸಸ್ಯಪಟ್ಟಿ, ಎದುರಿನ ದ್ವೀಪದ ಪಟ್ಟಿ, ಎಲ್ಲ ಬೇಕು. ಇನ್ನೂ ಮುಜುಗರ ತರುವುದು ಬೇರೆ ಖಂಡದಿಂದ ತಂದು ತೋಟದಲ್ಲಿ ನೆಟ್ಟು, ಕಾಡಿಗೆ ನುಗ್ಗಿದ ಅಲಂಕಾರದ ಗಿಡ. ರಸ್ತೆಬದಿ, ಹಳೆ ಬಂಗಲೆ, ಎಸ್ಟೇಟಿನ ಹತ್ತಿರ ಸಿಕ್ಕಿದ್ದರೆ ಮೊದಲ ಅನುಮಾನ ಇದೇ ಆಗಿರಲಿ.

3. ಹತ್ತಿರದ ನಾಲ್ಕೈದು ಪ್ರಭೇದಗಳ ಮೂಲ ವಿವರಣೆ ಓದಿ. ಹಳೆಯವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. 1935ರಿಂದ 2011ರವರೆಗಿನ ಹೊಸ ಪ್ರಭೇದಗಳಿಗೆ ಲ್ಯಾಟಿನ್ ಕಡ್ಡಾಯವಿತ್ತು, ಹಾಗಾಗಿ ಒಂದಿಷ್ಟು ಸಸ್ಯಶಾಸ್ತ್ರದ ಲ್ಯಾಟಿನ್ ಕಲಿಯದೆ ಗತಿಯಿಲ್ಲ.

4. ಅವುಗಳ ಮೂಲ ಮಾದರಿಗಳನ್ನು ನೋಡಿ. ಜೆಸ್ಟೋರ್ ಗ್ಲೋಬಲ್ ಪ್ಲಾಂಟ್ಸ್‌ನಲ್ಲಿ ಮತ್ತು ದೊಡ್ಡ ಹರ್ಬೇರಿಯಂಗಳ ತಾಣಗಳಲ್ಲಿ ಚಿತ್ರಗಳಿವೆ. ಚಿತ್ರದಲ್ಲಿ ಕಾಣದ್ದನ್ನು, ಉದಾಹರಣೆಗೆ ಪರಾಗಕೋಶದ ಮೇಲಿನ ರೋಮವನ್ನು, ಕ್ಯುರೇಟರ್‌ಗೆ ಪತ್ರ ಬರೆದು ಕೇಳಿ. ಬಹಳಷ್ಟು ಜನ ಉತ್ತರಿಸುತ್ತಾರೆ.

5. ಹರ್ಬೇರಿಯಂನಲ್ಲಿ ಗುರುತಾಗದ ಹಾಳೆಗಳ ಕಟ್ಟು ಇರುತ್ತದೆ. ಅದನ್ನು ಬಿಚ್ಚಿಸಿ. 2010ರ ಒಂದು ಅಧ್ಯಯನದ ಪ್ರಕಾರ ಹೊಸ ಹೂಗಿಡಗಳಲ್ಲಿ ಕೊಯ್ದ ಐದು ವರ್ಷದೊಳಗೆ ಹೆಸರು ಪಡೆದವು ಬರೀ ಶೇ. 16. ಸುಮಾರು ಕಾಲುಭಾಗಕ್ಕೆ 50 ವರ್ಷಕ್ಕಿಂತ ಹಳೆಯ ಹಾಳೆಗಳು ಆಧಾರವಾಗಿದ್ದವು. ನಿಮ್ಮ ಗಿಡದ ಕಾಯಿ ಅಲ್ಲಿ ಕೂತಿರಬಹುದು.

ಇನ್ನು ಮೋಸ ಮಾಡುವ ಸಂಗತಿಗಳು. ನೆರಳಲ್ಲಿ ಬೆಳೆದ ಗಿಡದ ಎಲೆ ಅಗಲ, ಬಿಸಿಲಿನದು ಕಿರಿದು. ಎಳೆಮರದ ಎಲೆಯೇ ಬೇರೆ. ಬಿಳಿ ಹೂವಿನ ಗಿಡ ಹಲವು ಪ್ರಭೇದಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಎರಡು ಪ್ರಭೇದಗಳ ನಡುವೆ, ಎರಡರ ಲಕ್ಷಣವನ್ನೂ ಬೆರೆಸಿಕೊಂಡ ಒಂದೇ ಗಿಡ ಸಿಕ್ಕಿದರೆ ಅದು ಮಿಶ್ರತಳಿ ಇರಬಹುದು. ಪರಾಗಕ್ಕೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ, ಬಹಳಷ್ಟು ಕಣಗಳು ಸುಕ್ಕುಗಟ್ಟಿ ಖಾಲಿ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕೊನೆಗೆ ಎಷ್ಟು ವ್ಯತ್ಯಾಸ ಬೇಕು? ಗಿಡಗಳಿಗೆ ಹೆಸರಿಡುವ ನಿಯಮದಲ್ಲಿ ಅಂಕಿ ಇಲ್ಲ. ನಾನು ಕೇಳುವುದು ಒಂದಕ್ಕೊಂದು ಅಂಟಿಕೊಳ್ಳದ ಮೂರು ವ್ಯತ್ಯಾಸ, ಅದರಲ್ಲಿ ಎರಡಾದರೂ ಹೂ ಅಥವಾ ಕಾಯಿಯಲ್ಲಿ, ಎರಡೂ ಕಡೆಯ ಅಳತೆಗಳು ಒಂದರ ಮೇಲೊಂದು ಬೀಳಬಾರದು. ಎಲೆಯ ಉದ್ದ ಮತ್ತು ಅಗಲ ಎರಡು ವ್ಯತ್ಯಾಸಗಳಲ್ಲ, ಒಂದೇ. ದೊಡ್ಡ ಎಲೆ ಎರಡೂ ಕಡೆ ದೊಡ್ಡದಿರುತ್ತದೆ, ಅಲ್ವಾ?

## ಹಂತ 6: ಡಿಎನ್‌ಎ ಬೇಕೇ?

ನಿಯಮಕ್ಕೆ ಬೇಡ. ಪತ್ರಿಕೆಗಳು ಕೇಳುವುದು ಜಾಸ್ತಿಯಾಗಿದೆ. ಹಣ ಮತ್ತು ಪ್ರಯೋಗಾಲಯ ಇದ್ದರೆ ಐಟಿಎಸ್, ಮ್ಯಾಟ್‌ಕೆ, ಆರ್‌ಬಿಸಿಎಲ್ ಎಂಬ ಡಿಎನ್‌ಎ ಭಾಗಗಳನ್ನು ಓದಿಸಿ ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡಿಎನ್‌ಎ ಸಂಗ್ರಹಕ್ಕೆ ಸೇರಿಸಿ, ಯಾವ ಹಾಳೆಯಿಂದ ತೆಗೆದದ್ದು ಅಂತ ಸಂಖ್ಯೆ ಸಮೇತ. ಹತ್ತಿರದ ಪ್ರಭೇದದ ಡಿಎನ್‌ಎ ಜೀನ್‌ಬ್ಯಾಂಕಿನಲ್ಲಿ ಇಲ್ಲದಿದ್ದರೆ ನಿಮ್ಮದೊಂದನ್ನೇ ಓದಿಸಿ ಏನೂ ಸಾಬೀತಾಗುವುದಿಲ್ಲ. ಎರಡೂ ಗಿಡ ಬೇಕು.

## ಹಂತ 7: ಹೋಲೊಟೈಪ್ ಆರಿಸಿ ಹರ್ಬೇರಿಯಂಗೆ ಕೊಡುವುದು

ಹೋಲೊಟೈಪ್ ಅಂದರೆ ಹೆಸರು ಎಂದೆಂದಿಗೂ ಅಂಟಿಕೊಂಡಿರುವ ಆ ಒಂದೇ ಒಂದು ಮಾದರಿ. ಸಸ್ಯನಾಮಗಳ ಅಂತರರಾಷ್ಟ್ರೀಯ ಸಂಹಿತೆ ಇಲ್ಲಿ ಬಿಗಿ. ಈಗಿರುವುದು 2025ರಲ್ಲಿ ಅಚ್ಚಾದ ಮ್ಯಾಡ್ರಿಡ್ ಸಂಹಿತೆ.

ಗಿಡಕ್ಕೆ ಹೋಲೊಟೈಪ್ ನಿಜವಾದ ಮಾದರಿಯೇ ಆಗಿರಬೇಕು, ಫೋಟೊ ನಡೆಯುವುದಿಲ್ಲ. ಒಂದೇ ಸಲ ಕೊಯ್ದದ್ದಾಗಿರಬೇಕು. ಜೂನ್‌ನಲ್ಲಿ ತಂದ ಹೂ, ಆಗಸ್ಟ್‌ನಲ್ಲಿ ತಂದ ಕಾಯಿ ಸೇರಿಸಿ ಒಂದು ಹೋಲೊಟೈಪ್ ಮಾಡಿದರೆ ಹೆಸರು ಹುಟ್ಟುವುದೇ ಇಲ್ಲ. ಹೂವಿನದನ್ನು ಹೋಲೊಟೈಪ್ ಮಾಡಿ, ಕಾಯಿಯದನ್ನು ಪ್ಯಾರಾಟೈಪ್ ಅಂತ ಬೇರೆಯಾಗಿ ಹೆಸರಿಸಿ. ಹೋಲೊಟೈಪಿನ ಜೊತೆಗೇ ಕೊಯ್ದ ಉಳಿದ ಹಾಳೆಗಳು ಐಸೊಟೈಪ್. ದೊಡ್ಡ ಎಲೆಯ ಗಿಡ, ತಾಳೆಯಂಥದ್ದು, ಒಂದು ಹಾಳೆಗೆ ಹಿಡಿಸದೆ ಎರಡು ಮೂರು ಹಾಳೆಗಳಾದರೆ ಎಲ್ಲದರ ಮೇಲೂ 'ಮೂರರಲ್ಲಿ ಒಂದು', 'ಮೂರರಲ್ಲಿ ಎರಡು' ಅಂತ ಬರೆದಿರಬೇಕು.

'ಹೋಲೊಟೈಪ್' ಇಲ್ಲವೇ 'ಟೈಪ್' ಎಂಬ ಪದ ಮತ್ತು ಆ ಮಾದರಿ ಯಾವ ಹರ್ಬೇರಿಯಂನಲ್ಲಿದೆ ಎಂಬ ಮಾಹಿತಿ, ಎರಡೂ ಲೇಖನದಲ್ಲಿ ಇರಲೇಬೇಕು. 1990ರ ಜನವರಿ 1ರಿಂದ ಇದು ಕಡ್ಡಾಯ. ಹರ್ಬೇರಿಯಂಗಳಿಗೆ ಚಿಕ್ಕ ಸಂಕೇತಗಳಿವೆ, ನ್ಯೂಯಾರ್ಕ್ ಸಸ್ಯೋದ್ಯಾನ ನಡೆಸುವ 'ಇಂಡೆಕ್ಸ್ ಹರ್ಬೇರಿಯೋರಂ' ಪಟ್ಟಿಯಲ್ಲಿ ನೋಡಿಕೊಳ್ಳಿ. ಆ ಪಟ್ಟಿಯಲ್ಲಿಲ್ಲದ ಕಾಲೇಜು ಬೀರುವಿನಲ್ಲಿ ಹೋಲೊಟೈಪ್ ಇಡಬೇಡಿ. ನಿವೃತ್ತಿಯಾದ ಮೇಷ್ಟ್ರ ಜೊತೆ ಬೀರುವೂ ಹೋಗುತ್ತದೆ.

ಎಚ್ಚರ: ಹಾಳೆ ನಿಜವಾಗಿ ತಲುಪಿ, ಅದಕ್ಕೆ ದಾಖಲೆ ಸಂಖ್ಯೆ ಬಿದ್ದ ಮೇಲೆಯೇ ಲೇಖನ ಕಳಿಸಿ. 'ಮುಂದೆ ಕೊಡುತ್ತೇವೆ' ಅಂತ ಬರೆದು ಮರೆತ ಹೋಲೊಟೈಪ್‌ಗಳನ್ನು ಹುಡುಕುವುದರಲ್ಲೇ ಎಷ್ಟೋ ಜನರ ವರ್ಷಗಳು ಕಳೆದಿವೆ.

## ಹಂತ 8: ಹೆಸರು ಆರಿಸುವುದು

ಕುಲದ ಹೆಸರು ಇದ್ದೇ ಇದೆ. ನೀವು ಆರಿಸುವುದು ಎರಡನೆಯ ಪದ ಮಾತ್ರ.

ಈಗ ನನ್ನ ಕಥೆ. ನಾನು ಆರಿಸಿದ್ದ ಪದ ಹೂವಿನ ಬಣ್ಣದ್ದು, ಹೇಳಲು ಚೆನ್ನಾಗಿತ್ತು. ಚಾಲ್ತಿಯ ಪಟ್ಟಿಯಲ್ಲಿ ಹುಡುಕಿದೆ, ಇರಲಿಲ್ಲ. ವಿಮರ್ಶಕರು ಒಂದೇ ಸಾಲು ಬರೆದು ವಾಪಸ್ ಕಳಿಸಿದರು: ಅದೇ ಕುಲದಲ್ಲಿ ಅದೇ ಪದವನ್ನು ಹತ್ತೊಂಬತ್ತನೇ ಶತಮಾನದಲ್ಲೇ ಬೇರೊಂದು ಗಿಡಕ್ಕೆ ಇಟ್ಟಿದ್ದರು. ಆ ಗಿಡವನ್ನು ಆಮೇಲೆ ಬೇರೆ ಕುಲಕ್ಕೆ ಸಾಗಿಸಿದ್ದರಿಂದ ಚಾಲ್ತಿಯ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಒಮ್ಮೆ ಬಳಸಿದ ಹೆಸರು ಬಳಸಿದ್ದೇ, ಖಾಲಿ ಬಿದ್ದಿದ್ದರೂ ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಚಿತ್ರದ ಫಲಕ, ಚೀಟಿ, ನಕ್ಷೆ ಎಲ್ಲದರಲ್ಲೂ ಹೆಸರು ತಿದ್ದುತ್ತಾ ಒಂದು ವಾರ ಕಳೆದೆ. ಆದ್ದರಿಂದ ಐಪಿಎನ್‌ಐ (ಸಸ್ಯನಾಮಗಳ ಅಂತರರಾಷ್ಟ್ರೀಯ ಸೂಚಿ) ಮತ್ತು ಮಿಸೌರಿ ಸಸ್ಯೋದ್ಯಾನದ ಟ್ರಾಪಿಕೋಸ್ ಎರಡರಲ್ಲೂ ಹುಡುಕಿ, ಸತ್ತ ಹೆಸರುಗಳನ್ನೂ ಸೇರಿಸಿ.

ಕುಲದ ಲಿಂಗಕ್ಕೆ ಪದ ಹೊಂದಬೇಕು. ಬಿಳಿ ಎನ್ನಲು ಆಲ್ಬಸ್, ಆಲ್ಬಾ, ಆಲ್ಬಂ ಅಂತ ಮೂರು ರೂಪಗಳಿವೆ. ಮರಗಳ ಕುಲ 'ಅಸ್' ಅಂತ ಮುಗಿದರೂ ಬಹಳ ಸಲ ಸ್ತ್ರೀಲಿಂಗ. ಅರಳಿ ಮರ ಫೈಕಸ್ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ. ಜಾಗದ ಹೆಸರಿಗೆ 'ಎನ್ಸಿಸ್' ಸೇರುತ್ತದೆ, ಕುಲ ನಪುಂಸಕವಾದರೆ 'ಎನ್ಸೆ'. ವ್ಯಕ್ತಿಯ ಹೆಸರಿಗೆ ಗಂಡು, ಹೆಣ್ಣು ನೋಡಿ ಬೇರೆ ಬಾಲ ಹಚ್ಚಬೇಕು. ತಪ್ಪು ಬಾಲವನ್ನು ಮುಂದಿನವರು ತಿದ್ದಬಹುದು, ಹೆಸರು ಬಿದ್ದುಹೋಗುವುದಿಲ್ಲ. ಆದರೂ ನಾಚಿಕೆ.

ಕುಲದ ಪದವನ್ನೇ ಮತ್ತೆ ಇಡುವ ಹಾಗಿಲ್ಲ. ಪ್ರಾಣಿಗಳಲ್ಲಿ ನಡೆಯುತ್ತದೆ, ನಾಗರಹಾವು ನಾಜಾ ನಾಜಾ. ಗಿಡಗಳಲ್ಲಿ ನಡೆಯುವುದಿಲ್ಲ. ಒಂದು ಜನಸಮುದಾಯವನ್ನು ಹೀಯಾಳಿಸುವ ಪದಗಳೂ ಬೇಡ. 2026ರ ಜನವರಿ 1ರಿಂದ ಪ್ರಕಟವಾಗುವ ಅಂಥ ಹೆಸರನ್ನು ತಿರಸ್ಕರಿಸಲು ಈಗ ದಾರಿಯಿದೆ. ತನ್ನ ಹೆಸರನ್ನೇ ಗಿಡಕ್ಕೆ ಇಟ್ಟುಕೊಳ್ಳಬಾರದು ಅಂತ ನಿಯಮವೇನಿಲ್ಲ. ಯಾರೂ ಇಟ್ಟುಕೊಳ್ಳುವುದಿಲ್ಲ, ಅಷ್ಟೇ.

## ಹಂತ 9: ಈಗ ಬರೆಯಿರಿ

ಎರಡು ಬೇರೆ ಬೇರೆ ಬರಹಗಳಿವೆ, ಜನ ಬೆರೆಸಿಬಿಡುತ್ತಾರೆ. ಡಯಾಗ್ನೋಸಿಸ್ ಅಂದರೆ ಇದು ಬೇರೆ ಗಿಡಗಳಿಂದ ಹೇಗೆ ಭಿನ್ನ ಎನ್ನುವ ಎರಡು ಮೂರು ಸಾಲು. ವಿವರಣೆ ಅಂದರೆ ಗಿಡದ ತಲೆಯಿಂದ ಬುಡದವರೆಗಿನ ಪೂರ್ಣ ಚಿತ್ರ. ಸಂಹಿತೆಗೆ ಎರಡರಲ್ಲಿ ಒಂದು ಸಾಕು, ನಿಮ್ಮ ಓದುಗರಿಗೆ ಎರಡೂ ಬೇಕು. 2012ರ ಜನವರಿ 1ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್, ಎರಡರಲ್ಲಿ ಯಾವುದಾದರೂ ಆಗುತ್ತದೆ. ಕನ್ನಡದಲ್ಲಿ ಮಾತ್ರ ಬರೆದರೆ ಹೆಸರು ಊರ್ಜಿತವಾಗುವುದಿಲ್ಲ. ಬೇಸರದ ಸಂಗತಿ, ಆದರೆ ನಿಯಮ ಹಾಗಿದೆ.

ಡಯಾಗ್ನೋಸಿಸ್ ಹೇಗೆ ಕೆಡುತ್ತದೆ ಎನ್ನುವುದಕ್ಕೆ ಇಂಪೇಷನ್ಸ್ ಕುಲದಲ್ಲಿ ಒಂದು ಕಲ್ಪಿತ ಉದಾಹರಣೆ. ಹತ್ತಿರದ ಪ್ರಭೇದವನ್ನು 'ಕ' ಎನ್ನೋಣ.

ಕೆಟ್ಟದ್ದು: 'ಇದು ಪ್ರಭೇದ ಕ-ಗಿಂತ ದೊಡ್ಡ ಎಲೆ, ಆಕರ್ಷಕ ಹೂ ಮತ್ತು ಉದ್ದದ ಬಾಲ ಹೊಂದಿದೆ.'

ಒಳ್ಳೆಯದು: 'ಪ್ರಭೇದ ಕ-ವನ್ನು ಹೋಲುತ್ತದೆ. ಆದರೆ ಪಕ್ಕದ ಪುಷ್ಪಪತ್ರಗಳು 4, ಕ-ದಲ್ಲಿ 2. ಮಕರಂದದ ಬಾಲ 22–27 ಮಿ.ಮೀ. ಉದ್ದ, ಒಳಕ್ಕೆ ಸುರುಳಿ. ಕ-ದಲ್ಲಿ 8–12 ಮಿ.ಮೀ., ನೇರ. ಕಾಯಿಯ ಮೇಲೆ ದಟ್ಟ ರೋಮ, ಕ-ದಲ್ಲಿ ನುಣುಪು.'

ಮೊದಲನೆಯದನ್ನು ಓದಿ ಯಾರೂ ಗಿಡ ಗುರುತಿಸಲಾರರು. ಎರಡನೆಯದರಲ್ಲಿ ಪ್ರತಿ ಮಾತಿಗೂ ಎದುರು ಮಾತಿದೆ. ಎದುರು ಮಾತಿಲ್ಲದ ಲಕ್ಷಣಕ್ಕೆ ಡಯಾಗ್ನೋಸಿಸ್‌ನಲ್ಲಿ ಜಾಗವಿಲ್ಲ.

ಪೂರ್ಣ ವಿವರಣೆಯ ಕ್ರಮ ಗಿಡದ ಕ್ರಮವೇ: ಗಿಡದ ಸ್ವಭಾವ, ಬೇರು, ಕಾಂಡ, ಎಲೆ, ಹೂಗೊಂಚಲು, ಹೂವಿನ ಭಾಗಗಳು ಹೊರಗಿನಿಂದ ಒಳಗೆ, ಕಾಯಿ, ಬೀಜ. ಒಂದೊಂದರಲ್ಲೂ ಸಂಖ್ಯೆ, ಆಕಾರ, ಅಳತೆ, ಬಣ್ಣ, ರೋಮ ಅಂತ ಅದೇ ಸಾಲು. ಕ್ರಿಯಾಪದ ಬೇಡ, ತಂತಿ ಭಾಷೆ ಸಾಕು. ಒಂದೇ ಕುಲದ ಚೆನ್ನಾಗಿ ಬರೆದ ಇತ್ತೀಚಿನ ಲೇಖನವೊಂದನ್ನು ಪಕ್ಕದಲ್ಲಿಟ್ಟುಕೊಂಡು ಅದರ ಕ್ರಮ ಹಿಡಿಯಿರಿ. ವಾಕ್ಯಗಳನ್ನು ನಕಲು ಮಾಡಬೇಡಿ. ನಕಲು ಮಾಡಿದವರು ನೋಡದೇ ಇರುವ ಬೀಜದ ಬಣ್ಣವನ್ನೂ ಬರೆದಿದ್ದು ಕಂಡಿದ್ದೇನೆ. ಕಾಯಿ ಸಿಗದಿದ್ದರೆ 'ಕಾಯಿ ನೋಡಿಲ್ಲ' ಅಂತ ಬರೆಯಿರಿ. ಅದರಲ್ಲಿ ಅವಮಾನವಿಲ್ಲ.

ಬರೆದ ಮೇಲೆ ಒಂದು ಪರೀಕ್ಷೆ: ವಿವರಣೆ, ಹೋಲಿಕೆಯ ಪಟ್ಟಿ, ಗುರುತು ಹಿಡಿಯುವ ಕೀ, ಚಿತ್ರದ ಸ್ಕೇಲ್, ನಾಲ್ಕೂ ಕಡೆ ಒಂದೇ ಅಳತೆ ಇದೆಯಾ? ವಿವರಣೆಯಲ್ಲಿ 22–27, ಪಟ್ಟಿಯಲ್ಲಿ 20–25 ಇದ್ದರೆ ವಿಮರ್ಶಕರಿಗೆ ಉಳಿದ ಎಲ್ಲ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

## ಹಂತ 10: ಚಿತ್ರ, ನಕ್ಷೆ, ಅಪಾಯದ ಮಟ್ಟ

ರೇಖಾಚಿತ್ರ ಇದ್ದರೆ ಫೋಟೊಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಚಿತ್ರಕಾರರಿಗೆ ಹೋಲೊಟೈಪಿನಿಂದಲೇ ಬರೆಯಲು ಹೇಳಿ, ಯಾವ ಸಂಖ್ಯೆಯ ಮಾದರಿ ಅಂತ ಕೆಳಗೆ ನಮೂದಿಸಿ.

ನಕ್ಷೆಯಲ್ಲಿ ಎಲ್ಲವನ್ನೂ ಹೇಳಬೇಡಿ. ವಿಯೆಟ್ನಾಂನ ಪ್ಯಾಫಿಯೋಪೆಡಿಲಂ ಕ್ಯಾನ್ಹಿ ಎಂಬ ಆರ್ಕಿಡ್‌ಗೆ 2010ರಲ್ಲಿ ಹೆಸರು ಬಂತು. ಕೆಲವೇ ತಿಂಗಳಲ್ಲಿ ಮಾರಾಟಗಾರರು ಅದರ ನೆಲೆಯನ್ನು ಹೆಚ್ಚುಕಡಿಮೆ ಬರಿದು ಮಾಡಿದರು. ಹಣ ತರುವ ಗಿಡವಾದರೆ ನಿಖರ ಜಿಪಿಎಸ್ ಅಂಕಿ ಹರ್ಬೇರಿಯಂ ದಾಖಲೆಯಲ್ಲಿ ಮಾತ್ರ ಇರಲಿ, ಲೇಖನದಲ್ಲಿ ಜಿಲ್ಲೆಯ ಮಟ್ಟ ಸಾಕು.

ಪ್ರಭೇದ ಅಳಿಯುವ ಅಪಾಯವನ್ನು ಅಂದಾಜಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಮಾನದಂಡದಲ್ಲಿ ಅಪಾಯದ ಮಟ್ಟ ಹೇಳುವಾಗ ಸಾಮಾನ್ಯ ತಪ್ಪು: ಒಂದೇ ಜಾಗದಲ್ಲಿ ಕಂಡಿದ್ದೇವೆ, 2×2 ಕಿ.ಮೀ. ಚೌಕದ ಲೆಕ್ಕದಲ್ಲಿ 4 ಚದರ ಕಿ.ಮೀ., ಮಿತಿಯಾದ 10ಕ್ಕಿಂತ ಕಡಿಮೆ, ಆದ್ದರಿಂದ 'ತೀವ್ರ ಅಪಾಯದಲ್ಲಿದೆ'. ವಿಸ್ತಾರವೊಂದೇ ಸಾಲದು. ನೆಲೆಗಳು ತೀರಾ ಕಡಿಮೆ ಅಥವಾ ಚೂರುಚೂರಾಗಿರುವುದು, ಸತತ ಕುಸಿತ, ವಿಪರೀತ ಏರಿಳಿತ, ಈ ಮೂರರಲ್ಲಿ ಎರಡಕ್ಕೆ ಆಧಾರ ಬೇಕು. ಸುತ್ತಲಿನ ಬೆಟ್ಟಗಳನ್ನು ಹುಡುಕದೇ ಇದ್ದರೆ 'ಮಾಹಿತಿ ಸಾಲದು' ಎನ್ನುವ ವರ್ಗವೇ ನಿಜವಾದ ಉತ್ತರ.

## ಹಂತ 11: ಪ್ರಕಟಿಸುವುದು

ಮುದ್ರಿತ ಪತ್ರಿಕೆ, ಅಥವಾ ಐಎಸ್‌ಎಸ್‌ಎನ್ ಇಲ್ಲವೇ ಐಎಸ್‌ಬಿಎನ್ ಇರುವ ಆನ್‌ಲೈನ್ ಪಿಡಿಎಫ್, ಇವು ಮಾತ್ರ ಲೆಕ್ಕಕ್ಕೆ ಬರುತ್ತವೆ. ಸುದ್ದಿಪತ್ರಿಕೆಗೆ ಮೊದಲೇ ಹೆಸರು ಕೊಡಬೇಡಿ, ಫೇಸ್‌ಬುಕ್ಕಿನಲ್ಲಿ ಹಾಕಬೇಡಿ, ಸಮ್ಮೇಳನದ ಸಾರಾಂಶದಲ್ಲೂ ಬೇಡ. ವಿವರಣೆಯಿಲ್ಲದೆ ತೇಲಾಡುವ ಹೆಸರು ಆಮೇಲೆ ಎಲ್ಲರ ತಲೆ ಕೆಡಿಸುತ್ತದೆ. ಪಿಎಚ್‌ಡಿ ಪ್ರಬಂಧದಲ್ಲಿ ಬರೆಯಲೇಬೇಕಾದರೆ 'ಇನ್ನೂ ಪ್ರಕಟವಾಗಿಲ್ಲ' ಅಂತ ಸ್ಪಷ್ಟವಾಗಿ ಹಾಕಿ.

ಪತ್ರಿಕೆ ಆರಿಸುವಾಗ ಒಂದು ಮಾತು. ತಜ್ಞರು ವಿಮರ್ಶಿಸಿರಲೇಬೇಕು ಅಂತ ಸಂಹಿತೆ ಕೇಳುವುದಿಲ್ಲ. ಹಣ ಕೊಟ್ಟರೆ ಹತ್ತು ದಿನದಲ್ಲಿ ಅಚ್ಚು ಹಾಕುವ ಕಡೆ ಬಂದ ಕಳಪೆ ಪ್ರಭೇದವೂ ನಿಯಮದ ಪ್ರಕಾರ ಹೆಸರೇ. ಅದನ್ನು ಅಳಿಸಲಾಗುವುದಿಲ್ಲ, ಮುಂದೆ ಆ ಕುಲದ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಹೊತ್ತು ತಿರುಗಬೇಕು. ಆ ಕುಲ ಬಲ್ಲವರು ವಿಮರ್ಶಿಸುವ ಪತ್ರಿಕೆಗೇ ಕಳಿಸಿ, ಒಂದು ವರ್ಷ ತಡವಾದರೂ ಸರಿ.

ಕೊನೆಯ ಕರಡು ತಿದ್ದುವಾಗ ಹೆಸರಿನ ಕಾಗುಣಿತವನ್ನು ಎಲ್ಲ ಕಡೆ ಅಕ್ಷರ ಅಕ್ಷರವಾಗಿ ಓದಿ. ತಲೆಬರಹದಲ್ಲೊಂದು, ಒಳಗೊಂದು ಆಗುವುದು ಅಪರೂಪವಲ್ಲ. ಪಿಡಿಎಫ್ ಹೊರಬಿದ್ದ ಮೇಲೆ ಅದನ್ನು ಮೆತ್ತಗೆ ಬದಲಿಸುವ ಹಾಗಿಲ್ಲ.

ಪ್ರಕಟವಾದ ಮೇಲೆ ಪಿಡಿಎಫ್‌ನ ಒಂದು ಪ್ರತಿಯನ್ನು ಹೋಲೊಟೈಪ್ ಇರುವ ಹರ್ಬೇರಿಯಂಗೆ ಕಳಿಸಿ, ಹಾಳೆಗೆ ಟೈಪ್ ಚೀಟಿ ಅಂಟಿಸಿ ಬೇರೆ ಬೀರುವಿಗೆ ಸಾಗಿಸುತ್ತಾರೆ. ಐಸೊಟೈಪ್ ಹಂಚಿದ ಕಡೆಗೂ ಕಳಿಸಿ, ಇಲ್ಲದಿದ್ದರೆ ಅವು ಗುರುತಾಗದ ಕಟ್ಟಿನಲ್ಲೇ ಉಳಿಯುತ್ತವೆ. ಕೆಲವು ವಾರ ಬಿಟ್ಟು ಐಪಿಎನ್‌ಐನಲ್ಲಿ ಹೆಸರು ಹುಡುಕಿ. ಬಂದಿಲ್ಲದಿದ್ದರೆ, ಅಥವಾ ಒಂದಕ್ಷರ ತಪ್ಪಿದ್ದರೆ, ಅವರಿಗೆ ಒಂದು ಮೇಲ್ ಹಾಕಿ.